ಕಂದೀಲಿನ ಆ ಬದಿ ಕೂತವಳು

ಅರವತ್ತೇಳು ವರ್ಷದ ನನ್ನ ಅಕ್ಕ ಹಗ್ಗದ ಕೆಳಗೆ ನುಸುಳಿ, ದೇಶದ ಮಾಜಿ ರಾಷ್ಟ್ರಪತಿಯೊಬ್ಬರು ಬೆಳೆದ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಕೂತುಬಿಟ್ಟಳು.

ಕಾವಲಿನವನು ಓಡಿ ಬಂದ. ಹಿಂದೆ ಸಾಲಿನಲ್ಲಿದ್ದವರು ಮೊಬೈಲ್ ಎತ್ತಿದರು. ನಾನು? ನಾನು ಎರಡು ಹೆಜ್ಜೆ ಹಿಂದೆ ಸರಿದೆ. (ಪ್ರತಿ ವಾರ ಇದೇ ಜಾಗದಲ್ಲಿ ಧೈರ್ಯ, ಸ್ವಾಭಿಮಾನ ಅಂತ ನಿಮಗೆ ಉಪದೇಶ ಮಾಡುವವನು ನಾನೇ. ಗುರುತು ಸಿಕ್ಕಿತಲ್ಲ?)

ಆಮೇಲೆ ಜನ ನೋಡುತ್ತಿದ್ದಾರೆ ಎಂದು ಮುಂದೆ ಹೋಗಿ, ಅವರಿಗೆ ಕಣ್ಣು ಕಾಣುವುದಿಲ್ಲ, ಹಗ್ಗ ಕಾಣದೆ ಒಳಗೆ ಹೋಗಿದ್ದಾರೆ, ತಪ್ಪಾಯಿತು ಅಂತ ಹರಕು ಹಿಂದಿಯಲ್ಲಿ ಕೈಮುಗಿದೆ. ಕಾವಲಿನವನು ಸ್ವಲ್ಪ ತಣ್ಣಗಾದ. ಅಷ್ಟರಲ್ಲಿ ಅಕ್ಕ ಕೂತಲ್ಲಿಂದಲೇ ಮುಖ ಎತ್ತಿದಳು.

"ಹಗ್ಗ ಕಂಡೈತಿ ನನಗ. ಸುಳ್ಳ ಯಾಕ ಹೇಳ್ತಿ?"

ಪುಣ್ಯಕ್ಕೆ ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಅಕ್ಕನ ಹೆಸರು ಬನಶಂಕರಿ. ನಮಗೆ ಬನ್ನಕ್ಕ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವಳು, ಮುಂಡರಗಿಗೆ ಕೊಟ್ಟವಳು. ಗಂಡ ತೀರಿಕೊಂಡು ಹತ್ತು ವರ್ಷವಾಯಿತು. ಮಗ, ಸೊಸೆ, ಮೊಮ್ಮಗಳ ಜೊತೆ ಅಲ್ಲೇ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು, ಗದಗಿನಲ್ಲೇ ಮನೆ. ಅಕ್ಕ ಓದಿದ್ದು ಆರನೇ ಇಯತ್ತೆಯವರೆಗೆ. ಹಾಗಂತ ಓದು ಬಿಟ್ಟವಳಲ್ಲ. ಭಾನುವಾರ ಪೇಪರ್ ಬಂದ ಕೂಡಲೇ ನನ್ನ ಅಂಕಣದ ಮೇಲೆ ಬೆರಳಿಟ್ಟು, ಒಂದೊಂದೇ ಶಬ್ದ ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ಓದಿ ಮುಗಿಸಿ ಫೋನ್ ಮಾಡುತ್ತಾಳೆ. ಫೋನಿನಲ್ಲಿ ಬರುವ ವಿಮರ್ಶೆ ಹದಿನೈದು ವರ್ಷದಿಂದ ಒಂದೇ. "ಓದಿದೆಪಾ. ಚಲೋ ಐತಿ." ಅಷ್ಟೇ. ಇಟ್ಟುಬಿಡುತ್ತಾಳೆ.

ಎರಡು ವರ್ಷದ ಹಿಂದೆ ಫೋನು ಭಾನುವಾರದ ಬದಲು ಸೋಮವಾರ ಬರತೊಡಗಿತು. ಆಮೇಲೆ ಮಂಗಳವಾರ. ಸೋಮಾರಿ ಆಗೀಯಲ್ಲ ಅಂತ ನಾನು ಚಾಷ್ಟಿ ಮಾಡಿದೆ. ಅವಳು ನಕ್ಕಳು. ಒಂದು ದಿನ ಸೊಸೆ ಫೋನ್ ಮಾಡಿ, ಅತ್ತಿ ಬಾಗಿಲಿನ ಚೌಕಟ್ಟಿಗೆ ಹಾಯ್ಕೋತ ಓಡ್ಯಾಡಾಕತ್ಯಾರ್ರಿ, ಎರಡು ಕಡೆ ಭುಜ ನೀಲಿಗಟ್ಟ್ಯಾವು ಅಂದಳು. ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆಯಂತೆ. ಎಡಗಣ್ಣು ಹೋಗಿಯೇ ಬಿಟ್ಟಿದೆ. ಬಲಗಣ್ಣಿಗೆ ನಡುವಿನ ಭಾಗ ಮಾತ್ರ ಕಾಣುತ್ತದೆ, ಅದೂ ದಿನೇ ದಿನೇ ಸಣ್ಣದಾಗುತ್ತದೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಲು ನೋಡೋಣ, ತಡವಾಗಿ ಬಂದಿರಿ ಅಂದರು.

ಅಕ್ಕನನ್ನು ಹೊರಗೆ ಕೂರಿಸಿ ನಾನು ಮತ್ತೆ ಒಳಗೆ ಹೋದೆ. ಸಣ್ಣವಳಿದ್ದಾಗ ಕತ್ತಲಲ್ಲಿ ನೂಲಿನ ಕೆಲಸ ಮಾಡುತ್ತಿದ್ದಳು, ಅದರಿಂದ ಹೀಗಾಯಿತೇನು ಅಂತ ಕೇಳಿದೆ. ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು. ಖಾತ್ರಿಯೇ ಅಂದೆ. ಖಾತ್ರಿ ಅಂದರು. ಬಾಗಿಲ ತನಕ ಹೋದವನು ತಿರುಗಿ ಬಂದು ಮತ್ತೊಮ್ಮೆ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಯಾಕ್ರಿ ಸರ್, ಹೌದು ಅನ್ನಬೇಕಾಗಿತ್ತೇನು ನಾನು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇತ್ತು. ಹೇಳಲಿಲ್ಲ.

ಕಣ್ಣು ಇರುವಷ್ಟರಲ್ಲಿ ಏನು ನೋಡಬೇಕು ಹೇಳು, ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತೇನೆ ಅಂದೆ. ನನ್ನ ಮನಸ್ಸಿನಲ್ಲಿ ಕಾಶಿ ಇತ್ತು. ಅವಳು ಎರಡು ದಿನ ಯೋಚಿಸಿ, ಒಂದು ಪೇಪರಿನ ತುಣುಕು ತಂದು ಕೊಟ್ಟಳು. ಯಾವಾಗಲೋ ಕತ್ತರಿಸಿ ಇಟ್ಟಿದ್ದು, ಮಡಚಿದಲ್ಲಿ ಹರಿದಿತ್ತು. ಆ ರಾಷ್ಟ್ರಪತಿಯವರ ಬಾಲ್ಯದ ಮನೆಯನ್ನು ಇದ್ದ ಹಾಗೇ ಕಾಪಾಡಿ ಜನರಿಗೆ ತೋರಿಸುತ್ತಾರೆ ಎಂಬ ಸುದ್ದಿ. ಬಡತನದಲ್ಲಿ, ಒಂದೇ ದೀಪದ ಬೆಳಕಿನಲ್ಲಿ ಓದಿ ಮೇಲೆ ಬಂದವರು ಅಂತ ಅದರಲ್ಲಿತ್ತು.

"ಇದನ್ನ ನೋಡಬೇಕು," ಅಂದಳು.

ಯಾಕೆ ಅಂತ ಕೇಳಿದ್ದಕ್ಕೆ, ಹೋದಮ್ಯಾಲೆ ನೋಡೂಣು ಅಂದಳು. ದೇವರ ಹಾಗೆ ಬೆಳೆದವರ ಮನೆಗೆ ಹೋಗಿ ಕೈಮುಗಿದು ಬರುವ ಆಸೆ ಇರಬೇಕು ಅಂದುಕೊಂಡೆ. ತಮ್ಮನೂ ಹಾಗೇ ಒಂದೇ ಕಂದೀಲಿನಲ್ಲಿ ಓದಿ ಮೇಲೆ ಬಂದವನಲ್ಲವೇ, ಅದೂ ಒಂದು ಹೆಮ್ಮೆ ಇರಬಹುದು ಅಂತಲೂ ಅಂದುಕೊಂಡೆ. (ನಗಬೇಡಿ. ವಾರಕ್ಕೊಮ್ಮೆ ಪೇಪರಿನಲ್ಲಿ ಫೋಟೋ ಬರುವವರಿಗೆ ಹೀಗೆಲ್ಲ ಅನಿಸುತ್ತದೆ.)

ಹೋದ ತಿಂಗಳು ಹೊರಟೆವು. ರೈಲಿನಲ್ಲಿ ದೂರದ ದಾರಿ. ಊರು ಯಾವುದು, ರಾಷ್ಟ್ರಪತಿ ಯಾರು ಅಂತ ಹೇಳುವುದಿಲ್ಲ. ಹೇಳಿದರೆ ನೀವು ಅವರ ವಿಷಯ ಮಾತಾಡತೊಡಗುತ್ತೀರಿ, ನಮ್ಮಕ್ಕ ಮತ್ತೆ ಹಿಂದೆ ಉಳಿಯುತ್ತಾಳೆ.

ಸಣ್ಣ ಮನೆ. ಸುಣ್ಣ ಬಳಿದ ಗೋಡೆ, ಕೆಂಪು ನೆಲ, ತಗ್ಗು ಬಾಗಿಲು. ಎಲ್ಲವನ್ನೂ ಚೊಕ್ಕ ಇಟ್ಟಿದ್ದಾರೆ, ಸುಳ್ಳು ಹೇಳಬಾರದು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಗಾಜಿನ ಪೆಟ್ಟಿಗೆಗಳಲ್ಲಿ ಪೆನ್ನು, ಕನ್ನಡಕ, ಶಾಲೆಯ ಪುಸ್ತಕ. ಅಕ್ಕ ನನ್ನ ಮೊಣಕೈ ಹಿಡಿದು, ಒಂದೊಂದು ಪೆಟ್ಟಿಗೆಗೂ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಗೋಡೆಯಲ್ಲಿ ಮನೆಮಂದಿಯ ಹಳೇ ಫೋಟೋ. ಹಿಂದಿನ ಸಾಲಿನ ತುದಿಯಲ್ಲಿ ಲಂಗ ತೊಟ್ಟ ಒಬ್ಬ ಹುಡುಗಿ ಇದ್ದಳು. ಮುಖ ಅರ್ಧ ನೆರಳಲ್ಲಿತ್ತು. ಈಕಿ ಯಾರು ಅಂತ ಅಕ್ಕ ಕೇಳಿದಳು. ಕೆಳಗೆ ಬರೆದದ್ದನ್ನು ನೋಡಿದೆ. ಅಕ್ಕ ಅಂತಷ್ಟೇ ಇತ್ತು, ಆ ಹುಡುಗಿಯ ಹೆಸರು ಇರಲಿಲ್ಲ.

ಪಡಸಾಲೆಯ ಮೂಲೆಗೆ ಬಂದೆವು. ಅಲ್ಲೇ ಎಲ್ಲರೂ ನಿಲ್ಲುವುದು. ಗೋಡೆಯಲ್ಲಿ ದೀಪ ಇಡುವ ಸಣ್ಣ ಗೂಡು, ಗೂಡಿನಲ್ಲಿ ಒಂದು ಹಳೇ ದೀಪ, ಕೆಳಗೆ ಚಾಪೆ, ಚಾಪೆಯ ಮುಂದೆ ಗಿಡ್ಡ ಮೇಜು. ಸುತ್ತ ಕೆಂಪು ಹಗ್ಗ. ಹುಡುಗ ಇಲ್ಲೇ ಕೂತು ಓದುತ್ತಿದ್ದ, ಮನೆಗೆಲ್ಲ ಇದೊಂದೇ ದೀಪ ಎಂದು ಪಕ್ಕದ ಫಲಕದಲ್ಲಿತ್ತು. ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಹೇಳುವಾಗ ನನ್ನ ದನಿ ಸ್ವಲ್ಪ ಗಂಭೀರವಾಗಿತ್ತು. ನಾನೂ ಅಂಥವನೇ ಅಲ್ಲವೇ?

ಅಕ್ಕ ಬಹಳ ಹೊತ್ತು ದೀಪ ನೋಡಿದಳು. ಆಮೇಲೆ ನೆಲ ನೋಡಿದಳು. ದೀಪದಿಂದ ನೆಲಕ್ಕೆ, ನೆಲದಿಂದ ದೀಪಕ್ಕೆ. ಬಟ್ಟೆ ಅಳೆಯುವವರ ಹಾಗೆ ಕೈ ಸ್ವಲ್ಪ ಮುಂದೆ ಚಾಚಿದಳು.

"ದೀಪ ಒಂದ ಇತ್ತಂದ್ರ, ಅವರಕ್ಕ ಎಲ್ಲಿ ಕುಂಡ್ರತಿದ್ಳು?"

ಕಾವಲಿನವನನ್ನು ಕೇಳು ಅಂದಳು. ಕೇಳಿದೆ. ಅವನು ತೋರಿಸಿದ್ದು ಮತ್ತೆ ಆ ಚಾಪೆಯನ್ನೇ. ಅಲ್ಲ, ಅವರ ಅಕ್ಕ, ಅವಳು ಎಲ್ಲಿ ಕೂತು ಕೆಲಸ ಮಾಡುತ್ತಿದ್ದಳು ಅಂದೆ. ಅವನು ಪಾಪ, ಅಂಥ ಪ್ರಶ್ನೆ ಯಾರೂ ಕೇಳಿಲ್ಲ, ನನಗೆ ಗೊತ್ತಿಲ್ಲ ಅಂದು ಬಾಗಿಲ ಕಡೆ ಹೋದ. ಅವನ ತಪ್ಪೇನೂ ಇಲ್ಲ. ಯಾರು ಕೇಳುತ್ತಾರೆ ಅದನ್ನು?

ಆಗಲೇ ಅಕ್ಕ ಹಗ್ಗದ ಕೆಳಗೆ ನುಸುಳಿದ್ದು. ಚಾಪೆಯನ್ನು ಮುಟ್ಟಲಿಲ್ಲ. ಮೇಜನ್ನು ಮುಟ್ಟಲಿಲ್ಲ. ಅವೆರಡನ್ನೂ ದಾಟಿ ಗೋಡೆಯ ಪಕ್ಕ, ಮೇಜಿನ ನೆರಳು ಬೀಳುವ ಜಾಗ ಗುರುತಿಸಿ, ಅಲ್ಲಿ ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ನೀಡಿ ಕೂತಳು. ಬಲಗೈ ತಾನಾಗಿ ಗಾಳಿಯಲ್ಲಿ ತಿರುಗಿತು. ಅವಳು ಹಾಗೆ ಕೂತಿದ್ದನ್ನು ನಾನು ನೋಡಿ ಐವತ್ತು ವರ್ಷದ ಮೇಲಾಗಿತ್ತು.

"ಇಲ್ಲೇ ಇರಬೇಕು ನೋಡು," ಅಂದಳು. "ಇಲ್ಲಿ ಕುಂತ್ರ ಅವನ ದೀಪಕ್ಕ ಅಡ್ಡ ಆಗೂದಿಲ್ಲ."

ಇನ್ನು ನಾನು ನಿಮಗೆ ಹೇಳದೆ ಉಳಿಸಿದ್ದನ್ನು ಹೇಳಬೇಕು.

ನನ್ನ ಓದುಗರಿಗೆ ನಮ್ಮ ಬೆಟಗೇರಿ ಮನೆ ಗೊತ್ತು. ಎಷ್ಟು ಸಲ ಬರೆದಿದ್ದೇನೆ ಆ ಮನೆಯ ಬಗ್ಗೆ! ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ. ಓಣಿಗೆ ಕರೆಂಟು ಬಂದಿದ್ದರೂ ನಮ್ಮ ಮನೆಗೆ ಬಂದಿರಲಿಲ್ಲ. ಇಡೀ ಮನೆಗೆ ಒಂದು ಕಂದೀಲು. ಆ ಕಂದೀಲಿನಲ್ಲಿ ಓದಿ ನಾನು ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಪಾಸಾದೆ, ಇಡೀ ಶಾಲೆಗೆ ನಾನೊಬ್ಬನೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೆಲ್ಲ ಈ ಕಥೆ ನೆನಪಾಗುತ್ತದೆ, ಬರೆಯುತ್ತೇನೆ. ಕಂದೀಲಿನ ಆ ಬೆಳಕೇ ನನ್ನ ಗುರು ಅಂತ ಒಮ್ಮೆ ಬರೆದಿದ್ದೆ. ಬಹಳ ಜನ ಮೆಚ್ಚಿ ಪತ್ರ ಬರೆದರು. ಒಬ್ಬ ಮಾಸ್ತರರು ಅದನ್ನು ಶಾಲೆಯ ಗೋಡೆಗೆ ಬರೆಸಿದರಂತೆ.

ಕಂದೀಲಿಗೆ ಒಂದು ಪೋಸ್ಟ್ ಕಾರ್ಡ್ ಇತ್ತು. ಅದನ್ನು ಮಾತ್ರ ಎಂದೂ ಬರೆಯಲಿಲ್ಲ.

ಕಂದೀಲು ಕಂಡವರಿಗೆ ಗೊತ್ತಿರುತ್ತದೆ. ಹತ್ತಿರ ಇಟ್ಟುಕೊಂಡು ಓದಿದರೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ದೂರ ಇಟ್ಟರೆ ಅಕ್ಷರ ಕಾಣುವುದಿಲ್ಲ. ಅದಕ್ಕೆ ಗಾಜಿನ ಸುತ್ತ ಇರುವ ತಂತಿಗೆ ಒಂದು ಪೋಸ್ಟ್ ಕಾರ್ಡ್ ಸಿಕ್ಕಿಸುವುದು. ಕಾರ್ಡಿಗೆ ಬಡಿದ ಬೆಳಕು ತಿರುಗಿ ಈಚೆ ಪುಸ್ತಕದ ಮೇಲೆ ಬೀಳುತ್ತದೆ, ಕಂದೀಲನ್ನು ದೂರ ಇಡಬಹುದು, ಕಣ್ಣಿಗೆ ತಂಪು. ನಾವು ಕಂದೀಲನ್ನು ಎಡಕ್ಕೆ ಇಟ್ಟು, ಕಾರ್ಡನ್ನು ಆಚೆ ಬದಿಗೆ ತಿರುಗಿಸುತ್ತಿದ್ದೆವು. ಬೆಳಕೆಲ್ಲ ನನ್ನ ಪುಸ್ತಕದ ಮೇಲೆ ಬೀಳಲಿ ಅಂತ. ಕಾರ್ಡಿನ ಆಚೆ ಬದಿಗೆ ಏನು ಬೀಳುತ್ತದೆ? ಕಾರ್ಡಿನ ನೆರಳು. ಆ ನೆರಳಿನಲ್ಲಿ ನೂಲು ಸುತ್ತುವ ರಾಟಿ ಇಟ್ಟುಕೊಂಡು ಬನ್ನಕ್ಕ ಕೂತಿರುತ್ತಿದ್ದಳು.

ಅವಳ ಕೆಲಸ ಕಂಡಕಿ ಸುತ್ತುವುದು. ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ನೂಲು ಸುತ್ತಿ ಕೊಡಬೇಕು. ಇವತ್ತು ಸಂಜೆ ಅವಳು ಸುತ್ತಿದ್ದನ್ನು ನಾಳೆ ಹಗಲು ಅಪ್ಪ ನೇಯುತ್ತಾನೆ. ಅವ್ವ ಬೇರೆಯವರ ಮನೆಗೆ ಹಾಸಿನ ಕೆಲಸಕ್ಕೆ, ಅಂದರೆ ಮಗ್ಗಕ್ಕೆ ಉದ್ದ ನೂಲು ಹೂಡುವುದಕ್ಕೆ, ಹೋಗುತ್ತಿದ್ದಳು, ಬಂದು ಅಡುಗೆ ಮಾಡಬೇಕು. ಅಕ್ಕ ಹಗಲು ಶಾಲೆಗೆ ಹೋಗಿ ಬಂದು ಸಂಜೆ ರಾಟಿಗೆ ಕೂರುತ್ತಿದ್ದಳು. ಬೆಳಕಿಲ್ಲದಿದ್ದರೂ ನಡೆಯುತ್ತಿತ್ತು. ನೂಲು ಹರಿದರೆ ಬೆರಳಿಗೇ ಗೊತ್ತಾಗುತ್ತಿತ್ತು. ನಾನು ಗಟ್ಟಿಯಾಗಿ ಪಾಠ ಓದುತ್ತಿದ್ದೆ. ಅವಳು ಸುತ್ತುತ್ತ ಕೇಳುತ್ತಿದ್ದಳು. ನಾನು ತಪ್ಪಿದರೆ ಆ ಕತ್ತಲಿನಿಂದ ಸರಿ ಉತ್ತರ ಬರುತ್ತಿತ್ತು.

ಬೆರಳಿಗೆ ಎಲ್ಲವೂ ಗೊತ್ತಾಗುತ್ತದೆ, ಬಣ್ಣ ಒಂದು ಬಿಟ್ಟು.

ನನ್ನ ಪರೀಕ್ಷೆಯ ಹಿಂದಿನ ವಾರ ಮಗ್ಗದ ಮೇಲೆ ಕಡು ನೀಲಿ ಸೀರೆ ಇತ್ತು. ಸಾಹುಕಾರರು ಎರಡು ಸಲ ಬೇರೆ ಬೇರೆಯಾಗಿ ಬಣ್ಣಕ್ಕೆ ಅದ್ದಿಸಿದ ನೂಲು ಕಳಿಸಿದ್ದರು. ಎರಡೂ ನೀಲಿಯೇ. ಆದರೆ ಒಂದು ಒಂದಿಷ್ಟು ತಿಳಿ. ಹಗಲಲ್ಲಿ ಪಕ್ಕಪಕ್ಕ ಹಿಡಿದರೆ ಮಾತ್ರ ಗೊತ್ತಾಗುವಷ್ಟು. ಒಂದೇ ಸೀರೆಗೆ ಎರಡನ್ನೂ ಬೆರೆಸಬಾರದು, ಎರಡು ಬುಟ್ಟಿಯಲ್ಲಿ ಬೇರೆ ಇಡಿ ಅಂತ ಅಪ್ಪ ಹೇಳಿದ್ದ. ಇಟ್ಟಿದ್ದರು. ಕಾರ್ಡಿನ ನೆರಳಿನಲ್ಲಿ ಅಕ್ಕನ ಕೈ ಪಕ್ಕದ ಬುಟ್ಟಿಗೆ ಹೋಯಿತು. ನೇಯುವಾಗ ಅಪ್ಪನಿಗೂ ತಿಳಿಯಲಿಲ್ಲ, ಮಗ್ಗದ ಕೋಣೆಗೆ ಇದ್ದದ್ದು ಅಂಗೈಯಗಲದ ಕಿಟಕಿ.

ತಿಳಿದದ್ದು ಸಾಹುಕಾರರ ಅಂಗಡಿಯ ಮುಂದೆ, ಬಿಸಿಲಿನಲ್ಲಿ ಸೀರೆ ಬಿಚ್ಚಿದಾಗ. ಸೀರೆಯ ನಟ್ಟನಡುವೆ ಒಂದು ಗೇಣು ಅಗಲದ ಪಟ್ಟಿ ಬೇರೆ ನೀಲಿಯಾಗಿತ್ತು. ಸಾಹುಕಾರರು ಸೀರೆಯನ್ನು ಮಡಚಿ ಅಪ್ಪನ ಕೈಗೆ ವಾಪಸ್ ಕೊಟ್ಟರು. ಊರಲ್ಲೆಲ್ಲ ಕೈಕಸುಬಿಗೆ ಹೆಸರಾದ ಅಪ್ಪ ಆ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ ಮನೆಗೆ ಬಂದ.

ಅಪ್ಪ ಬೈಯಲಿಲ್ಲ. ಹೊಡೆಯಲೂ ಇಲ್ಲ. ನಾನು ಅಲ್ಲೇ ಇದ್ದೆ, ಹತ್ತು ವರ್ಷದವನು, ಎಲ್ಲ ನೆನಪಿದೆ. ನೀರು ಕುಡಿದು, ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದ.

"ನಾಳಿಂದ ಕಂಡಕಿ ಹಗಲಾಗ ಸುತ್ತಬೇಕವಾ."

ಶಾಲೆ ಇರುವುದು ಹಗಲಲ್ಲೇ ಅಲ್ಲವೇ? ಮುಗಿಯಿತು. ಬೇಸಿಗೆ ಮುಗಿದರೆ ಅಕ್ಕ ಏಳನೇ ಇಯತ್ತೆಗೆ ಹೋಗಬೇಕಿತ್ತು, ಏಳನೆಯವರಿಗೆ ಇರುತ್ತಿದ್ದ ಮುಲ್ಕಿ ಎಂಬ ದೊಡ್ಡ ಪರೀಕ್ಷೆಗೆ ಕೂರಬೇಕಿತ್ತು. ಹೋಗಲಿಲ್ಲ. ಕಂದೀಲನ್ನು ಇಬ್ಬರ ನಡುವೆ ಇಡಬಹುದಿತ್ತು. ಕಾರ್ಡು ತೆಗೆಯಬಹುದಿತ್ತು. ನಾನೂ ಒಂದು ತಾಸು ಕಂಡಕಿ ಸುತ್ತಬಹುದಿತ್ತು. ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ, ಅಷ್ಟೇ. ಕಾರ್ಡಿನ ವಿಷಯ ಹೇಳಿದರೆ ಕಾರ್ಡು ಹೋಗುತ್ತದೆ ಅಂತ ಹೆದರಿಕೆ.

ಆ ಸೀರೆ ಅಕ್ಕನ ಪಾಲಿಗೇ ಬಂತು. ದೊಡ್ಡವಳಾದ ಮೇಲೆ, ಪಟ್ಟಿ ಇರುವ ಭಾಗ ನಿರಿಗೆಯೊಳಗೆ ಮುಚ್ಚಿಹೋಗುವ ಹಾಗೆ ಉಡುತ್ತಿದ್ದಳು. ಕೊನೆಗೆ ಅದು ಹರಿದು ಕೌದಿಯ ಒಳಗೆ ಸೇರಿತು. ನಾನು ಎಂ.ಎ. ಮಾಡಿದೆ.

ಹೀಗೆ, ದೂರದ ಆ ಊರಿನಲ್ಲಿ, ಬೇರೆಯವರ ಮನೆಯ ನೆಲದಲ್ಲಿ ಅಕ್ಕ ಕೂತಾಗ ನನಗೆ ಕಂಡದ್ದು ಆ ಮನೆಯಲ್ಲ. ಎತ್ತಿ ಎಬ್ಬಿಸಿದೆ. ಕಾವಲಿನವನಿಗೆ ಅಷ್ಟರಲ್ಲಿ ಏನನ್ನಿಸಿತೋ, ಅವನೂ ಒಂದು ಕೈ ಕೊಟ್ಟ. ಹೊರಗೆ ಅಂಗಳದ ಕಟ್ಟೆಯ ಮೇಲೆ ಕೂತೆವು. ನೀರು ಕುಡಿಸಿದೆ. ಐವತ್ತನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅಲ್ಲಿ ಬಾಯಿಗೆ ಬಂತು. ಅಕ್ಕಾ, ಆವತ್ತು ಬುಟ್ಟಿ ತಪ್ಪಿದ್ದು ನಿನ್ನಿಂದಲ್ಲ, ನಾನು ಕಂದೀಲಿಗೆ ಕಾರ್ಡು ಸಿಕ್ಕಿಸಿದ್ದರಿಂದ, ನಿನ್ನ ಸಾಲಿ ಬಿಡಿಸಿದ್ದು ನಾನು ಅಂದೆ. ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಮುಖ ಅವಳಿಗೆ ಎಷ್ಟು ಕಾಣುತ್ತಿತ್ತೋ ಏನೋ.

"ನೀ ಎಲ್ಲಿ ಸಿಗಿಸ್ತಿದ್ದೆಪಾ? ಗಾಜ ಕೈ ಸುಡತೈತಿ ಅಂತ ನೀ ಮುಟ್ಟತಾನ ಇರಲಿಲ್ಲ. ದಿನಾ ಸಿಗಿಸಿ ಕೊಡಾಕಿ ನಾನ."

ಹಾಗಾದರೆ ಬೆಳಕು ಹೋಗುತ್ತದೆ ಅಂತ ಗೊತ್ತಿರಲಿಲ್ಲವೇ ನಿನಗೆ ಅಂತ ಕೇಳಿದೆ. ಗೊತ್ತಿತ್ತು ಅಂದಳು. ನೀ ಕಣ್ಣು ಉರಿತಾವಂತ ಅಳತಿದ್ದಿ ಅಂದಳು.

ಅರ್ಧ ಶತಮಾನ ನಾನು ಹೊತ್ತ ಪಾಪ ನನ್ನದಲ್ಲವಂತೆ. ಹಗುರಾಗಬೇಕಿತ್ತಲ್ಲ? ಆಗಲಿಲ್ಲ. ನಾನು ತಪ್ಪು ಮಾಡಿದ್ದೆ ಅಂದುಕೊಂಡಾಗ ಕಥೆಯಲ್ಲಿ ನಾನೊಬ್ಬನಾದರೂ ಇದ್ದೆ. ಈಗ ಅದನ್ನೂ ಅವಳೇ ಮಾಡಿದ್ದು. ಹದಿಮೂರು ವರ್ಷದ ಹುಡುಗಿ ದಿನಾ ಸಂಜೆ ತನ್ನ ಕೈಯಾರೆ ತನ್ನ ಪಾಲಿನ ಕತ್ತಲು ಮಾಡಿಕೊಂಡು ಕೂತಿದ್ದಳು. ನಾನು ಅದನ್ನು ಗಮನಿಸಿರಲೂ ಇಲ್ಲ.

ಶಾಲೆಯ ಮಕ್ಕಳ ಒಂದು ಗುಂಪು ಸಾಲಾಗಿ ಒಳಗೆ ಹೋಯಿತು. ಟೀಚರು ದೀಪದ ವಿಷಯ ಹೇಳುತ್ತಿರುವುದು ಹೊರಗೂ ಕೇಳಿಸಿತು. ಭಾಷೆ ತಿಳಿಯದಿದ್ದರೂ ಅದೇ ವಿಷಯ ಅಂತ ತಿಳಿಯಿತು. ಆ ದನಿಯೇ ಬೇರೆ ಇರುತ್ತದೆ.

"ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ," ಅಂದಳು ಅಕ್ಕ. "ಕಂದೀಲದ ಸುದ್ದಿ ಪೇಪರಿನಾಗ ಎಷ್ಟ ಸಲ ಬರದಿ?"

ಹತ್ತು ಸಲ ಇರಬಹುದು ಅಂದೆ.

"ಹನ್ನೊಂದ. ಹನ್ನೊಂದೂ ಸಲ ಬಟ್ಟ ಇಟ್ಟ ಓದೀನಿ. ಅಪ್ಪ ಅದಾನ, ಮಗ್ಗ ಐತಿ, ಕಂದೀಲ ಐತಿ. ಒಂದರಾಗರ ನಾ ಸಿಗತೀನೇನಂತ ನೋಡತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಕಳೆದುಹೋದ ವಸ್ತುವನ್ನು ಹುಡುಕಿ ಸಿಗದೆ ಬಿಟ್ಟವರು ಹೇಳುವ ಹಾಗೆ ಹೇಳಿದಳು. ಹದಿನೈದು ವರ್ಷ ಅವಳು ಬೆರಳಿಟ್ಟು ಓದುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ನಾನು ಅದನ್ನು ಓದು ಬಾರದವಳ ಓದು ಅಂದುಕೊಂಡಿದ್ದೆ. ಪ್ರತಿ ಭಾನುವಾರ ಹುಡುಕಿ, ಸಿಗದೆ, ಫೋನ್ ಮಾಡಿ ಚಲೋ ಐತಿ ಅಂದಿದ್ದಳು.

ಬೆಟಗೇರಿಯ ನಮ್ಮ ಮನೆ ಈಗ ಇಲ್ಲ. ಕೆಡವಿ ಎರಡಂತಸ್ತು ಕಟ್ಟಿದ್ದಾರೆ, ಕೆಳಗೆ ಮೊಬೈಲ್ ಅಂಗಡಿ ಇದೆ. ಆ ಮನೆ ಇವತ್ತು ಎಲ್ಲಾದರೂ ಉಳಿದಿದ್ದರೆ ಈ ಅಂಕಣದಲ್ಲಿ ಮಾತ್ರ. ಅದನ್ನು ಕಾಪಾಡಿ, ಸುಣ್ಣ ಬಳಿದು, ಹಗ್ಗ ಕಟ್ಟಿ, ಫಲಕ ಹಾಕಿ ನಿಮಗೆ ತೋರಿಸುತ್ತ ಬಂದವನು ನಾನು. ಹುಡುಗ ಇಲ್ಲಿ ಕೂತಿದ್ದ, ದೀಪ ಇಲ್ಲಿತ್ತು ಅಂತ ಹನ್ನೊಂದು ಸಲ ತೋರಿಸಿದೆ. ದೂರದ ಊರಿನ ಆ ಕಾವಲಿನವನಿಗಾದರೂ ಗೊತ್ತಿರಲಿಲ್ಲ. ನನಗೆ?

ಹೊರಡುವ ಮುಂಚೆ ಬಾಗಿಲಲ್ಲಿ ಅಭಿಪ್ರಾಯ ಬರೆಯುವ ದೊಡ್ಡ ಪುಸ್ತಕ ಇತ್ತು. ನಾನು ಪೆನ್ನು ತೆಗೆದೆ, ಅಭ್ಯಾಸಬಲ. ಅಕ್ಕ ನನ್ನ ಕೈಯಿಂದ ಪೆನ್ನು ಇಸಿದುಕೊಂಡಳು. ಹಾಳೆಗೆ ಮುಖ ತಾಗಿಸಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ಸಾಲು ಕೆಳಗೆ ಜಾರುತ್ತಿದ್ದರೂ ಬಿಡದೆ ಬರೆದಳು. ಮನೆ ಚೊಕ್ಕ ಇಟ್ಟಿದ್ದೀರಿ, ಅವರ ಅಕ್ಕನ ಜಾಗವೂ ತೋರಿಸಿರಿ ಅಂತ. ಕೆಳಗೆ ತನ್ನ ಪೂರ್ತಿ ಹೆಸರು, ಬೆಟಗೇರಿ. (ಮುಂಡರಗಿ ಅಲ್ಲ. ಬೆಟಗೇರಿ.) ಪಕ್ಕದಲ್ಲಿ ಉದ್ಯೋಗ ಬರೆಯುವ ಖಾನೆ ಇತ್ತು. ಅದು ಏನು ಅಂತ ಕೇಳಿದಳು, ಹೇಳಿದೆ. ಸ್ವಲ್ಪ ಯೋಚಿಸಿ ಕಂಡಕಿ ಸುತ್ತುವುದು ಅಂತ ಬರೆದಳು. ಅಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ನಾನು ಅನುವಾದ ಬರೆಯಲೇ ಅಂದೆ. ಬೇಡ ಅಂದಳು.

ನಾವು ಬಂದು ಐದು ವಾರವಾಯಿತು. ಇಷ್ಟರಲ್ಲಿ ಬಲಗಣ್ಣೂ ಸೋತಿದೆ. ಔಷಧ ಹಾಕುತ್ತಿದ್ದೇವೆ, ಡಾಕ್ಟರು ಆಸೆ ಹುಟ್ಟಿಸುವ ಮಾತಾಡುವುದಿಲ್ಲ. ಬಾಗಿಲು ಯಾವ ಕಡೆ ಇದೆ ಅಂತ ತಿಳಿಯುವಷ್ಟು ಬೆಳಕು ಕಾಣುತ್ತದಂತೆ. ಪೇಪರಿನ ಅಕ್ಷರ ಹೋಗಿ ಮೂರು ವಾರವಾಯಿತು. ಆದರೂ ಭಾನುವಾರ ಪೇಪರು ಕೈಗೆ ಬೇಕು. ಹಾಳೆಯ ಮೇಲೆ ಬೆರಳು ಓಡಿಸಿ ಮಡಚಿ ಇಡುತ್ತಾಳಂತೆ, ಮೊಮ್ಮಗಳು ಹೇಳಿದಳು.

ಈ ಸಲ ನಿನ್ನ ಬಗ್ಗೆ ಬರೆಯುತ್ತೇನೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ಒಂದು ತಿಂಗಳ ಹಿಂದೆ ಬರೆದಿದ್ದರೂ ಅವಳು ತಾನೇ ಓದುತ್ತಿದ್ದಳು. ಅವಳ ಬೆರಳು ಅವಳ ಹೆಸರಿನ ಮೇಲೆ ನಿಲ್ಲುತ್ತಿತ್ತು. ಈಗ ಮೊಮ್ಮಗಳು ಓದಿ ಹೇಳಲಿ ಅಂದೆ. ಅಕ್ಕ ಒಪ್ಪಲಿಲ್ಲ.

"ನೀ ಬಂದ ಓದು. ಸಣ್ಣಾಂವಿದ್ದಾಗ ಓದತಿದ್ದೆಲ್ಲಾ, ಹಂಗ ಗಟ್ಟಿ ಓದು. ತಪ್ಪಿದ್ರ ನಾ ಹೇಳ್ತೀನಿ."

ಈ ಭಾನುವಾರ ಬೆಳಿಗ್ಗೆ, ನೀವು ಇದನ್ನು ಓದುವ ಹೊತ್ತಿಗೆ, ನಾನು ಡಂಬಳ ದಾಟಿ ಮುಂಡರಗಿಯ ಬಸ್ಸಿನಲ್ಲಿರುತ್ತೇನೆ. ಬಗಲಲ್ಲಿ ಇದೇ ಪೇಪರು ಇರುತ್ತದೆ. ಅಕ್ಕ ಗೋಡೆಗೆ ಒರಗಿ, ಒಂದು ಮೊಣಕಾಲು ಮಡಚಿ ಕೂತಿರುತ್ತಾಳೆ. ಕಿಟಕಿಯ ಹತ್ತಿರ ನನಗೆ ಕುರ್ಚಿ ಹಾಕಿಸಿರುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು.

ಮತ್ತೆ ಬೆಳಕಿನಲ್ಲಿ ಕೂತು ಓದುವವನು ನಾನು, ಕತ್ತಲಲ್ಲಿ ಕೂತು ಕೇಳುವವಳು ಅವಳು. ಐವತ್ತನಾಲ್ಕು ವರ್ಷ ತೆಗೆದುಕೊಂಡು ನಾನು ಬದಲಿಸಿದ್ದಾದರೂ ಏನು?